ಹಳೆಯ ಕಾಫಿ ಯಂತ್ರಗಳ ಕ್ಯಾಟಲಾಗ್ ಚಿತ್ರ: ಪಲ್ಪರ್ ಮನೆಯಲ್ಲೇ ಸ್ಟುಡಿಯೋ ಕಟ್ಟುವ ಕ್ರಮ

ತೋಟದ ಮೂಲೆಯಲ್ಲಿ ಉಳಿದಿರುವ ಹಳೆಯ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ತೂಕದ ಯಂತ್ರ, ಡೀಸೆಲ್ ಎಂಜಿನ್ ಮೊದಲಾದವನ್ನು ದಾಖಲಿಸಲು ಹೊರಟವರ ಚಿತ್ರಗಳು ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಕೆಡುತ್ತವೆ. ಎರಕದ ಕಬ್ಬಿಣ ಕಪ್ಪು ಮುದ್ದೆಯಾಗುತ್ತದೆ. ತಾಮ್ರದ ಹಾಳೆಯ ಮೇಲೆ ಫ್ಲ್ಯಾಶಿನ ಬಿಳಿ ಚುಕ್ಕೆ ಕೂರುತ್ತದೆ. ಹತ್ತಿರದ ಚಕ್ರ ಉಬ್ಬಿ ದೂರದ ಕಾಲು ಕುಗ್ಗುತ್ತದೆ. ಹಿಂದುಗಡೆ ಗೊಬ್ಬರದ ಚೀಲ, ಸ್ಪ್ರೇಯರ್, ಪ್ಲಾಸ್ಟಿಕ್ ಬಕೆಟ್ಟು ಇಣುಕುತ್ತಿರುತ್ತವೆ. ಹೆಚ್ಚು ಬೆಲೆಯ ಕ್ಯಾಮೆರಾ ಕೊಂಡರೆ ಇವು ಸರಿಹೋಗುವುದಿಲ್ಲ, ಏಕೆಂದರೆ ತಪ್ಪಿರುವುದು ಕೆಲಸದ ಅನುಕ್ರಮ. ಬಹುತೇಕರು ಮೊದಲು ದೀಪ ಹಚ್ಚಿ, ಆಮೇಲೆ ಕ್ಯಾಮೆರಾ ಎಲ್ಲಿಡುವುದೆಂದು ಹುಡುಕಿ, ಕೊನೆಗೆ ಹಿನ್ನೆಲೆಯ ವಿಚಾರ ಮಾಡುತ್ತಾರೆ. ಇದನ್ನು ತಿರುವುಮುರುವು ಮಾಡಬೇಕು: ಮೊದಲು ಯಂತ್ರ, ಬಳಿಕ ಕ್ಯಾಮೆರಾದ ಜಾಗ, ಅದರ ಬಳಿಕ ಹಿನ್ನೆಲೆ, ಎಲ್ಲಕ್ಕಿಂತ ಕೊನೆಗೆ ಬೆಳಕು. ಆ ಬೆಳಕನ್ನೂ ಯಂತ್ರದ ಮೇಲೆ ಹಾಕದೆ, ಯಂತ್ರದ ಎದುರು ಕಟ್ಟಿದ ಬಟ್ಟೆಯ ಮೇಲೆ ಹಾಕಬೇಕು.

ಇಲ್ಲಿ ಉದಾಹರಣೆಗಾಗಿ ಸಿಮೆಂಟ್ ಕಟ್ಟೆಗೆ ಬೋಲ್ಟ್ ಹಾಕಿ ಕೂರಿಸಿದ, ಸುಮಾರು 4 ಅಡಿ ಎತ್ತರದ, ಕೈಯಿಂದ ತಿರುಗಿಸುವ ಡ್ರಮ್ ಪಲ್ಪರನ್ನು ತೆಗೆದುಕೊಂಡಿದ್ದೇನೆ. ಹಂತ 8ರ ಬಳಿಕ ಸಣ್ಣ ವಸ್ತುಗಳ ಬಗೆಗೂ ಹೇಳಿದ್ದೇನೆ.

## ಬೇಕಾದ ಸಾಮಗ್ರಿ

ಮ್ಯಾನುಯಲ್ ವಿಧಾನದಲ್ಲಿ ನಡೆಯುವ ಯಾವುದೇ ಕ್ಯಾಮೆರಾ ಸಾಕು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಗೆ 85 ಮಿ.ಮೀ. ಆಸುಪಾಸಿನ ಲೆನ್ಸ್, ಚಿಕ್ಕ ಸೆನ್ಸರಿನ ಕ್ಯಾಮೆರಾಗೆ 50 ರಿಂದ 60 ಮಿ.ಮೀ. ಲೆನ್ಸ್ ಬೇಕು. ಮೊಬೈಲೇ ಗತಿಯಾದರೆ 2 ಅಥವಾ 3 ಪಟ್ಟಿನ ಪ್ರತ್ಯೇಕ ಟೆಲಿ ಲೆನ್ಸ್ ಇರುವುದನ್ನು ಬಳಸಿ. ಮಾಮೂಲಿ ಅಗಲ ಲೆನ್ಸಿನಿಂದ ಈ ಕೆಲಸ ಆಗುವುದಿಲ್ಲ. ಗಟ್ಟಿ ಟ್ರೈಪಾಡ್, ಗಾರೆಯವರು ಬಳಸುವ ರಸಮಟ್ಟ, ಅಳತೆಯ ಟೇಪು, ಬೂದು ಕಾರ್ಡು, ಕಪ್ಪು ಬಿಳುಪಿನ 10 ಸೆಂ.ಮೀ. ಅಳತೆಪಟ್ಟಿ ಮತ್ತು ಒಂದು ಟಾರ್ಚ್ ಜೊತೆಗಿರಲಿ.

ಬೆಳಕಿಗೆ ಒಂದೇ ಕಂಪನಿಯ ಒಂದೇ ಮಾದರಿಯ 2 ಎಲ್‌ಇಡಿ ದೀಪಗಳು, ಬಿದಿರಿನ ಗಳಗಳಿಗೆ ಬಿಗಿಯಾಗಿ ಕಟ್ಟಿದ 2 ಬಿಳಿ ಪಂಚೆ ಅಥವಾ ಬೆಡ್‌ಶೀಟ್, 2 ದೊಡ್ಡ ಥರ್ಮೋಕೋಲ್ ಹಲಗೆ, ಮತ್ತು ತಪ್ಪದೆ 2 ಕರಿ ಕಂಬಳಿ. ಕಂಬಳಿಯ ಉಪಯೋಗ ಬೆಳಕಿನ ಹಂತದಲ್ಲಿ ತಿಳಿಯುತ್ತದೆ, ಅದಿಲ್ಲದೆ ಹೊರಡಬೇಡಿ. ತೋಟಗಳಲ್ಲಿ ವೋಲ್ಟೇಜ್ ಏರಿಳಿತ, ಕರೆಂಟು ಹೋಗುವುದು ಹೊಸದೇನಲ್ಲವಾದ್ದರಿಂದ ಬ್ಯಾಟರಿಯಿಂದಲೂ ನಡೆಯುವ ದೀಪವಾದರೆ ಒಳ್ಳೆಯದು. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಕೆಲಸ ಉಳಿಯುತ್ತದೆ.

## ಹಂತ 1: ಕಾಲ ಮತ್ತು ಒಪ್ಪಿಗೆ

ಅರೇಬಿಕಾ ಕೊಯ್ಲು ಶುರುವಾದ ಮೇಲೆ ಪಲ್ಪರ್ ಮನೆಯಲ್ಲಿ ನೀರು, ಸಿಪ್ಪೆ, ಜನ ಎಲ್ಲವೂ ತುಂಬಿರುತ್ತವೆ. ಆಗ ಚಿತ್ರ ತೆಗೆಯುತ್ತೇನೆಂದು ಹೋದರೆ ತೋಟದ ಲೆಕ್ಕ ನೋಡುವ ರೈಟರಿಗೂ ತೊಂದರೆ, ನಿಮಗೂ ತೊಂದರೆ. ಮಳೆ ಇಳಿಮುಖವಾಗಿ ಕೊಯ್ಲು ಇನ್ನೂ ಆರಂಭವಾಗದ, ಮೋಡ ಕವಿದ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಉತ್ತಮ. ಯಂತ್ರ ಬಯಲಿನಲ್ಲಿದ್ದರಂತೂ ಮೋಡವೇ ಬೇಕು. ಜರ್ಮನಿಯ ಛಾಯಾಗ್ರಾಹಕ ದಂಪತಿ ಬೆರ್ನ್ಡ್ ಮತ್ತು ಹಿಲ್ಲಾ ಬೆಕರ್ 1959ರಿಂದ ನೀರಿನ ಗೋಪುರ, ಊದುಕುಲುಮೆಗಳನ್ನು ಚಿತ್ರಿಸುವಾಗ ಮೋಡದ ದಿನಗಳನ್ನೇ ಆರಿಸಿಕೊಳ್ಳುತ್ತಿದ್ದುದು ನೆರಳು ಆಕಾರವನ್ನು ತುಂಡರಿಸಬಾರದೆಂದು.

ತೋಟದವರ ಒಪ್ಪಿಗೆಯನ್ನು ಎರಡು ವಿಷಯಕ್ಕೆ ಪ್ರತ್ಯೇಕವಾಗಿ ಪಡೆಯಿರಿ: ಚಿತ್ರ ತೆಗೆಯಲು ಮತ್ತು ಪ್ರಕಟಿಸಲು. ಆಯುಧಪೂಜೆಯ ಅರಿಶಿನ, ಕುಂಕುಮ, ಗಂಧ ಯಂತ್ರದ ಮೇಲಿದ್ದರೆ ಮನೆಯ ಹಿರಿಯರನ್ನು ಕೇಳದೆ ಒರೆಸುವಂತಿಲ್ಲ. ಅವರು ಒಪ್ಪಿದರೂ ಮೊದಲು ಇದ್ದಂತೆಯೇ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ, ಏಕೆಂದರೆ ಯಂತ್ರ ಇಂದಿಗೂ ಮನೆಯ ಲೆಕ್ಕದಲ್ಲಿದೆ ಎನ್ನುವುದಕ್ಕೆ ಅದೇ ದಾಖಲೆ.

## ಹಂತ 2: ಸುರಕ್ಷತೆ ಮತ್ತು ಶುಚಿ

ಮೋಟರ್ ಅಥವಾ ಎಂಜಿನ್‌ಗೆ ಜೋಡಣೆ ಇದ್ದರೆ ಫ್ಯೂಸ್ ತೆಗೆಸಿ, ಬೆಲ್ಟ್ ಕಳಚಿಸಿ. ಫ್ಲೈವೀಲ್‌ಗೆ ಎರಡೂ ಕಡೆ ಮರದ ಬೆಣೆ ಕೊಡಿ; ಎರಕದ ಚಕ್ರ ತನ್ನ ಭಾರಕ್ಕೇ ಅರ್ಧ ಸುತ್ತು ತಿರುಗಿದರೂ ಬೆರಳು ಜಜ್ಜಿಹೋಗುತ್ತದೆ. ವರ್ಷಗಟ್ಟಲೆ ಮುಟ್ಟದ ಯಂತ್ರದ ಹಾಪರಿನೊಳಗೆ (ಹಣ್ಣು ಸುರಿಯುವ ಬಾಯಿ), ಕಟ್ಟೆಯ ಸಂದಿಯಲ್ಲಿ ಟಾರ್ಚ್ ಹಾಕಿ ನೋಡದೆ ಕೈ ಇಡಬೇಡಿ. ಹಾವು ಮತ್ತು ಕಣಜ ಎರಡಕ್ಕೂ ಇದು ಒಳ್ಳೆಯ ಮನೆ.

ಶುಚಿಗೊಳಿಸುವುದೆಂದರೆ ಧೂಳು, ಜೇಡರಬಲೆ, ಒಣಗಿದ ಸಿಪ್ಪೆಗಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯುವುದು, ಅಷ್ಟೇ. ಚಿತ್ರಕ್ಕೆ ಹೊಳಪು ಬರಲೆಂದು ಸೀಮೆಎಣ್ಣೆ ಅಥವಾ ಎಂಜಿನ್ ಆಯಿಲ್ ಸವರುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಇದರಿಂದ ಕಬ್ಬಿಣದ ಮೇಲೆ ನೂರಾರು ಸಣ್ಣ ಮಿಂಚುಗಳೆದ್ದು ಆಕಾರವೇ ಮರೆಯಾಗುತ್ತದೆ. ಹಿತ್ತಾಳೆಯ ಫಲಕವನ್ನು ಪಾಲಿಷ್ ಹಾಕಿ ಉಜ್ಜುವುದು ಇನ್ನೂ ಕೆಟ್ಟದ್ದು, ಸವೆದ ಅಕ್ಷರ ಮತ್ತೆ ಬರುವುದಿಲ್ಲ. ಹಿಂದೆ ರೈಲು ಎಂಜಿನ್ ಕಾರ್ಖಾನೆಗಳಲ್ಲಿ ಹೊಸ ಎಂಜಿನ್ನಿಗೆ ಚಿತ್ರಕ್ಕೆಂದೇ ಹೊಳಪಿಲ್ಲದ ಬೂದುಬಣ್ಣ ಬಳಿಯುತ್ತಿದ್ದರು. ಹಳೆಯ ಯಂತ್ರಚಿತ್ರಗಳ ಹದವಾದ ಬೂದುಛಾಯೆಗೆ ಹೊಳಪನ್ನು ಹೀಗೆ ಅಡಗಿಸಿದ್ದೂ ಒಂದು ಕಾರಣ. ನಾವು ಅದನ್ನು ಬಣ್ಣದಿಂದಲ್ಲ, ಬೆಳಕಿನಿಂದ ಸಾಧಿಸಬೇಕು. ಹೊಳಪು ಕೊಲ್ಲುವ ಸ್ಪ್ರೇ, ಪೌಡರ್ ಯಾವುದನ್ನೂ ಹಳೆಯ ವಸ್ತುವಿನ ಮೇಲೆ ಹಾಕಕೂಡದು.

ಎಚ್ಚರಿಕೆಯ ಲಕ್ಷಣ: ಬೆಳಿಗ್ಗೆ ಕಬ್ಬಿಣದ ಮೇಲೆ ಬೆರಳಿಟ್ಟಾಗ ಗುರುತು ಮೂಡಿದರೆ ಮೇಲ್ಮೈಯಲ್ಲಿ ತೇವ ಕೂತಿದೆ ಎಂದರ್ಥ. ರಾತ್ರಿಯಿಡೀ ತಣ್ಣಗಾದ ಎರಕ ಬೇಗ ಬಿಸಿಯಾಗುವುದಿಲ್ಲವಾದ್ದರಿಂದ ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಇಳಿಯುತ್ತದೆ. ಬಾಗಿಲು ತೆರೆದಿಟ್ಟು, ಆರುವವರೆಗೆ ಕಾಯಿರಿ.

## ಹಂತ 3: ಚಲಿಸುವ ಭಾಗಗಳನ್ನು ನಿಲ್ಲಿಸುವ ಭಂಗಿ

ಈ ಹಂತವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಚಕ್ರ ಎಲ್ಲಿ ನಿಂತಿತ್ತೋ ಅಲ್ಲೇ ಚಿತ್ರ ತೆಗೆಯುತ್ತಾರೆ. ಆಗ ಹಿಡಿಕೆ ಚಕ್ರದ ಒಂದು ಅರದ (ಕಡ್ಡಿಯ) ಮೇಲೆ ಸರಿಯಾಗಿ ಕೂತು ಎರಡೂ ಒಂದೇ ದಪ್ಪ ಕಂಬಿಯಂತೆ ಕಾಣುತ್ತವೆ. ನೋಡುವವನಿಗೆ ಯಂತ್ರ ಹೇಗೆ ನಡೆಯುತ್ತದೆಂಬುದೇ ತಿಳಿಯುವುದಿಲ್ಲ.

ಒಬ್ಬರು ಕ್ಯಾಮೆರಾ ನಿಲ್ಲುವ ಕಡೆಯಿಂದ ನೋಡುತ್ತಿರಲಿ, ಇನ್ನೊಬ್ಬರು ಬೆಣೆ ತೆಗೆದು ನಿಧಾನವಾಗಿ ಚಕ್ರ ತಿರುಗಿಸಲಿ. ಹಿಡಿಕೆ ಎರಡು ಅರಗಳ ನಡುವಿನ ಖಾಲಿ ಜಾಗದಲ್ಲಿ, ತುಸು ಕೆಳಕ್ಕೆ ವಾಲಿದ ಕೋನದಲ್ಲಿ ಬಂದಾಗ ನಿಲ್ಲಿಸಿ ಮತ್ತೆ ಬೆಣೆ ಕೊಡಿ. ಡ್ರಮ್ಮಿನ ಮೇಲಿನ ತಾಮ್ರದ ಹಾಳೆಯಲ್ಲಿ ಜೋಡಣೆಯ ಗೆರೆ ಇರುತ್ತದೆ. ಅದು ಹಿಂದಕ್ಕೆ ಹೋಗಲಿ, ಮುಂದುಗಡೆ ಮುಳ್ಳುಮುಳ್ಳಾದ ಉಬ್ಬುಗಳ ಸಾಲು ಮಾತ್ರ ಕಾಣಲಿ. ಎರಡೂ ಏಕಕಾಲಕ್ಕೆ ಸಾಧ್ಯವಾಗದಿದ್ದರೆ ಹಿಡಿಕೆಗೆ ಆದ್ಯತೆ ಕೊಡಿ, ಡ್ರಮ್ಮಿಗೆ ಬೇರೆ ಚಿತ್ರ ತೆಗೆಯಬಹುದು. ಯಂತ್ರ ತುಕ್ಕು ಹಿಡಿದು ಬಿಗಿದಿದ್ದರೆ ಬಲ ಹಾಕಬೇಡಿ. ಎರಕ ಬಾಗುವ ಲೋಹವಲ್ಲ, ಮುರಿಯುವ ಲೋಹ.

## ಹಂತ 4: ಕ್ಯಾಮೆರಾದ ಜಾಗ

ಯಂತ್ರದ ಅತಿ ದೊಡ್ಡ ಅಳತೆಯ 4 ಪಟ್ಟು ದೂರ ಕನಿಷ್ಠವೆಂದು ಇಟ್ಟುಕೊಳ್ಳಿ. ನಮ್ಮ 4 ಅಡಿ ಪಲ್ಪರಿಗೆ 16 ಅಡಿ, ಅಂದರೆ ಸುಮಾರು 5 ಮೀಟರ್. ಪಲ್ಪರ್ ಮನೆಯೊಳಗೆ ಇಷ್ಟು ಜಾಗ ಸಿಗುವುದು ಅಪರೂಪ; ಹಾಗಾಗಿ ಟ್ರೈಪಾಡನ್ನು ಬಾಗಿಲಿನಿಂದ ಹೊರಗೆ, ಅಂಗಳದಲ್ಲಿ ನಿಲ್ಲಿಸಿ ಬಾಗಿಲಿನ ಮೂಲಕ ತೆಗೆಯಬೇಕಾಗುತ್ತದೆ. ಜಾಗ ಸಾಲದೆಂದು ಅಗಲ ಲೆನ್ಸ್ ಹಾಕಿ ಹತ್ತಿರ ಹೋದ ಕ್ಷಣದಲ್ಲೇ ಚಿತ್ರ ಕೆಟ್ಟಿತೆಂದು ತಿಳಿಯಿರಿ. ಉರುಟು ಚಕ್ರ ಮೊಟ್ಟೆಯಾಕಾರವಾಗುವುದು ಇದರಿಂದಲೇ.

ಲೆನ್ಸಿನ ಎತ್ತರ ಯಂತ್ರದ ನಡುಮಟ್ಟಕ್ಕಿಂತ ಸ್ವಲ್ಪ ಮೇಲೆ, ಹಾಪರಿನ ಅಂಚು ತೆಳ್ಳಗೆ ಕಾಣುವಷ್ಟು ಇರಲಿ. ನಿಂತ ಮನುಷ್ಯನ ಕಣ್ಣಿನ ಎತ್ತರದಿಂದ ಕೆಳಮುಖವಾಗಿ ತೆಗೆದರೆ ಕಾಲುಗಳು ಒಳಕ್ಕೆ ಸೇರುತ್ತವೆ. ಕ್ಯಾಮೆರಾದ ಬೆನ್ನು ನೆಲಕ್ಕೆ ಲಂಬವಾಗಿರಬೇಕು. ರಸಮಟ್ಟವನ್ನು ಕ್ಯಾಮೆರಾದ ಮೇಲೆ ಮತ್ತು ಬೆನ್ನಿಗೆ, ಎರಡೂ ಕಡೆ ಇಟ್ಟು ನೋಡಿ. ಮೇಲೆ ಕೆಳಗೆ ಹೊಂದಿಸಬೇಕಾದರೆ ಕ್ಯಾಮೆರಾವನ್ನು ಬಾಗಿಸದೆ ಟ್ರೈಪಾಡಿನ ಎತ್ತರವನ್ನೇ ಬದಲಿಸಿ.

ಮೊದಲು ನೇರ ಎದುರಿನಿಂದ ಒಂದು, ಬಳಿಕ ಹಿಡಿಕೆ ಇರುವ ಬದಿಯಿಂದ ಒಂದು, ಕೊನೆಗೆ ಎರಡೂ ಬದಿ ಕಾಣುವ ಓರೆ ನೋಟ ಒಂದು. ಅಂಗಡಿಯವರ ಬೆಲೆಪಟ್ಟಿಯಲ್ಲಿ ಓರೆ ನೋಟವೇ ಹೆಚ್ಚಾಗಿ ಇರುತ್ತಿದ್ದುದು ನಿಜ, ಆದರೆ ಅಳತೆಗೆ ನೆರವಾಗುವುದು ನೇರ ನೋಟ. ಓರೆ ನೋಟ ಮಾತ್ರ ತೆಗೆದು ಬರುವವರು ಮತ್ತೆ ತೋಟಕ್ಕೆ ಹೋಗಬೇಕಾಗುತ್ತದೆ.

## ಹಂತ 5: ಹಿನ್ನೆಲೆ

ಯಂತ್ರವನ್ನು ಕದಲಿಸಲಾಗದು, ಆದ್ದರಿಂದ ಬಟ್ಟೆಯನ್ನೇ ತರಬೇಕು. ಹಿಂದಿನ ಗೋಡೆ ಮತ್ತು ಯಂತ್ರದ ನಡುವೆ ಸಾಧ್ಯವಾದಷ್ಟು ಹಿಂದಕ್ಕೆ, ಒಂದೂವರೆ ಮೀಟರ್ ಸಿಕ್ಕರೆ ಒಳ್ಳೆಯದು, ಬೆಡ್‌ಶೀಟನ್ನು ಬಿದಿರಿನ ಗಳಕ್ಕೆ ಕಟ್ಟಿ ಇಳಿಬಿಡಿ. ಬಿಳಿ ಬಟ್ಟೆ ಚೌಕಟ್ಟನ್ನು ತುಂಬುವಷ್ಟಿರಲಿ, ಅದಕ್ಕಿಂತ ಹೆಚ್ಚು ಬೇಡ. ಅಗತ್ಯಕ್ಕಿಂತ ದೊಡ್ಡದಾದ, ಅತಿಯಾಗಿ ಬೆಳಗಿದ ಹಿನ್ನೆಲೆ ಲೆನ್ಸಿನೊಳಗೆ ಬೆಳಕು ಚೆಲ್ಲಿ ಚಕ್ರದ ಅಂಚನ್ನು ನುಂಗುತ್ತದೆ.

ಬಟ್ಟೆಯ ಮಡಿಕೆ ಇಸ್ತ್ರಿ ಹಾಕಿದರೂ ಹೋಗದಿದ್ದರೆ ಒಂದು ಉಪಾಯವಿದೆ. ಎಕ್ಸ್‌ಪೋಷರ್ (ಸೆನ್ಸರಿನ ಮೇಲೆ ಬೆಳಕು ಬೀಳುವ ಹೊತ್ತು) 8 ಸೆಕೆಂಡಿನಷ್ಟು ಇದ್ದಾಗ ಇಬ್ಬರು ಬಟ್ಟೆಯ ಎರಡು ತುದಿ ಹಿಡಿದು ಅಷ್ಟೂ ಹೊತ್ತು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಿದ್ದರೆ ಮಡಿಕೆಗಳು ಕರಗಿ ಸಮತಟ್ಟಾದ ಬಿಳಿ ಬರುತ್ತದೆ. ಬಟ್ಟೆ ಮಾತ್ರ ಯಂತ್ರಕ್ಕೆ ತಾಗಬಾರದು.

ಕಟ್ಟೆ, ಬೋಲ್ಟ್, ನೀರು ಹರಿಯುವ ತೂಬು ಇವನ್ನು ಮುಚ್ಚಬೇಡಿ. ಯಂತ್ರ ಹೇಗೆ ಕೂತಿತ್ತು ಎಂಬುದೂ ಮಾಹಿತಿಯೇ.

## ಹಂತ 6: ಬೆಳಕು

ಮೊದಲು ಇರುವ ಬೆಳಕನ್ನು ತೊಲಗಿಸಿ. ಶೀಟಿನ ಮಾಡಿಗೆ ಬೆಳಕಿಗೆಂದು ಹಾಕಿದ ಹಸಿರು ಫೈಬರ್ ಹಾಳೆ, ಹೊರಗೆ ಕಟ್ಟಿದ ನೀಲಿ ಟಾರ್ಪಾಲು, ಬಾಗಿಲಾಚೆಗಿನ ಸಿಲ್ವರ್ ಓಕ್ ಮತ್ತು ಕಾಫಿ ಗಿಡಗಳ ಹಸಿರು, ಇವೆಲ್ಲ ಕಬ್ಬಿಣದ ಮೇಲೆ ಬೇರೆ ಬೇರೆ ಬಣ್ಣದ ಪಟ್ಟಿಗಳಾಗಿ ಕೂರುತ್ತವೆ. ಒಂದೇ ಚಕ್ರದ ಒಂದು ಅರ ಹಸಿರಾಗಿ, ಇನ್ನೊಂದು ಹಳದಿಯಾಗಿ ಕಂಡರೆ ಕಂಪ್ಯೂಟರಿನಲ್ಲಿ ತಿದ್ದುವುದು ಆಗದ ಮಾತು. ಕಿಟಕಿಗೂ ಮಾಡಿನ ಹಾಳೆಗೂ ಗೋಣಿ ಹೊದಿಸಿ, ಬಲ್ಬ್ ಆರಿಸಿ. ಕ್ಯಾಮೆರಾ ಹೊರಗಿದ್ದರೆ ಬಾಗಿಲಿಗೂ ಗೋಣಿಯ ಪರದೆ ಇಳಿಬಿಟ್ಟು ಲೆನ್ಸಿನಷ್ಟೇ ಕಂಡಿ ಬಿಡಿ.

ಈಗ ಮುಖ್ಯ ವಿಚಾರ. ಹೊಳೆಯುವ ಲೋಹಕ್ಕೆ ತನ್ನದೆಂಬ ಬೆಳಕು ತೀರಾ ಕಡಿಮೆ. ಅದು ಕನ್ನಡಿಯಂತೆ ಎದುರಿಗಿರುವುದನ್ನು ತೋರಿಸುತ್ತದೆ. ಎದುರು ಒಂದು ಸಣ್ಣ ಬಲ್ಬ್ ಇದ್ದರೆ ಲೋಹದಲ್ಲಿ ಒಂದು ಚುಕ್ಕೆ, ಉಳಿದದ್ದೆಲ್ಲ ಕಪ್ಪು. ಎದುರು ಯಂತ್ರದಷ್ಟೇ ದೊಡ್ಡ ಬಿಳಿ ಬಟ್ಟೆ ಇದ್ದರೆ ಇಡೀ ಮೇಲ್ಮೈ ಹದವಾಗಿ ತೆರೆದುಕೊಳ್ಳುತ್ತದೆ. ದೀಪದ ಶಕ್ತಿ ಹೆಚ್ಚಿಸಿದಷ್ಟೂ ಚಿತ್ರ ಕೆಡುವುದೂ, ಬಟ್ಟೆಯ ಅಗಲ ಹೆಚ್ಚಿಸಿದಷ್ಟೂ ಸುಧಾರಿಸುವುದೂ ಇದೇ ಕಾರಣಕ್ಕೆ.

ಎಡಬದಿಯಲ್ಲಿ, ಯಂತ್ರಕ್ಕೆ 45 ಡಿಗ್ರಿ ಕೋನದಲ್ಲಿ, ಅದಕ್ಕಿಂತ ಎತ್ತರವಾದ ಪಂಚೆಯ ಚೌಕಟ್ಟು ನಿಲ್ಲಿಸಿ. ದೀಪವನ್ನು ಅದರ ಹಿಂದೆ, ಬಟ್ಟೆಯಿಂದ 3 ಅಡಿ ದೂರದಲ್ಲಿಟ್ಟು ಬಟ್ಟೆಯಿಡೀ ಸಮವಾಗಿ ಬೆಳಗುವಂತೆ ಮಾಡಿ. ಬಟ್ಟೆಯ ನಡುವೆ ದೀಪದ ಬಿಸಿಚುಕ್ಕೆ ಕಂಡರೆ ದೀಪವನ್ನು ಹಿಂದಕ್ಕೆ ಸರಿಸಿ ಅಥವಾ ಇನ್ನೊಂದು ಪದರ ಪಂಚೆ ಹಾಕಿ. ಬಲಬದಿಗೆ ದೀಪ ಬೇಡ, ಥರ್ಮೋಕೋಲ್ ಹಲಗೆ ಸಾಕು. ಎರಡೂ ಬದಿಗೆ ಸಮನಾದ ಬೆಳಕು ಕೊಟ್ಟರೆ ಉರುಟಾದದ್ದು ಚಪ್ಪಟೆಯಾಗುತ್ತದೆ. ಎರಡನೆಯ ದೀಪವನ್ನು ಯಂತ್ರದ ಕಡೆ ತಿರುಗಿಸದೆ ಹಿನ್ನೆಲೆಯ ಬಟ್ಟೆಗೆ ಮಾತ್ರ ಮೀಸಲಿಡಿ.

ಆಮೇಲೆ ಕಂಬಳಿ. ಬಿಳಿ ಹಿನ್ನೆಲೆಯೆದುರು ಹೊಳಪು ಡ್ರಮ್ಮಿನ ಅಂಚು ಬಿಳಿಯೊಳಗೇ ಕರಗುತ್ತದೆ. ಚೌಕಟ್ಟಿನಿಂದ ಸ್ವಲ್ಪವೇ ಆಚೆಗೆ, ಯಂತ್ರದ ಎರಡೂ ಪಕ್ಕಕ್ಕೆ ಕರಿ ಕಂಬಳಿಯನ್ನು ಉದ್ದಕ್ಕೆ ತೂಗುಹಾಕಿದರೆ ಡ್ರಮ್ಮಿನ ಎರಡೂ ಅಂಚಿಗೆ ತೆಳುವಾದ ಕಪ್ಪು ಗೆರೆ ಮೂಡಿ ಅದು ಹಿನ್ನೆಲೆಯಿಂದ ಬಿಡಿಸಿಕೊಳ್ಳುತ್ತದೆ. ಕಂಬಳಿಯನ್ನು ಅಂಗೈಯಗಲ ಒಳಕ್ಕೆ ಹೊರಕ್ಕೆ ಸರಿಸುತ್ತಾ ಕ್ಯಾಮೆರಾದ ಪರದೆಯಲ್ಲಿ ಆ ಗೆರೆ ದಪ್ಪವಾಗುವುದನ್ನು, ತೆಳ್ಳಗಾಗುವುದನ್ನು ನೋಡಿ. ಸರಿಯಾದ ಜಾಗ ಕಣ್ಣಿಗೇ ತಿಳಿಯುತ್ತದೆ. ಈ ಒಂದು ಕೆಲಸಕ್ಕೆ ಅರ್ಧ ಗಂಟೆ ಹಿಡಿದರೂ ದಂಡವಲ್ಲ.

ಪೋಲರೈಸರ್ ಫಿಲ್ಟರ್ ಎಲ್ಲ ಹೊಳಪನ್ನೂ ತೆಗೆಯುತ್ತದೆ ಎಂಬ ನಂಬಿಕೆ ತಪ್ಪು. ಹಳೆಯ ಬಣ್ಣ, ಗ್ರೀಸ್, ಮಾಪಕದ ಗಾಜು ಇವುಗಳ ಮಿಂಚನ್ನು ಅದು ಕಡಿಮೆ ಮಾಡುತ್ತದೆ. ಬರಿಯ ತಾಮ್ರ, ಉಕ್ಕಿನ ಮಿಂಚಿನ ಮೇಲೆ ಅದರ ಆಟ ನಡೆಯುವುದಿಲ್ಲ.

## ಹಂತ 7: ಎಕ್ಸ್‌ಪೋಷರ್ ಮತ್ತು ಫೋಕಸ್

ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್ (ಲೆನ್ಸಿನ ಕಂಡಿಯ ಅಳತೆ) 11, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್), 2 ಸೆಕೆಂಡಿನ ಟೈಮರ್. ಟ್ರೈಪಾಡಿನ ಮೇಲಿರುವಾಗ ಲೆನ್ಸಿನ ಅಲುಗಾಟ ತಡೆಯುವ ಸ್ವಿಚ್ ಆಫ್ ಮಾಡಿ. 85 ಮಿ.ಮೀ. ಲೆನ್ಸಿನಲ್ಲಿ 5 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಎಫ್ 11ರಲ್ಲಿ ಸುಮಾರು 4 ಮೀಟರಿನಿಂದ 6.5 ಮೀಟರಿನವರೆಗೆ ಸ್ಪಷ್ಟವಿರುತ್ತದೆ. ಪಲ್ಪರಿಗೆ ಇದು ಧಾರಾಳ. ಎಫ್ 22ಕ್ಕೆ ಹೋದರೆ ಇನ್ನೂ ಚೆನ್ನಾಗಿರುತ್ತದೆ ಎಂದುಕೊಳ್ಳಬೇಡಿ, ಅಷ್ಟು ಸಣ್ಣ ಕಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರವೇ ಮೃದುವಾಗುತ್ತದೆ.

ಕ್ಯಾಮೆರಾದ ಮೀಟರ್ ಕಪ್ಪು ಕಬ್ಬಿಣವನ್ನು ಬೂದು ಮಾಡಲು, ಬಿಳಿ ಬಟ್ಟೆಯನ್ನೂ ಬೂದು ಮಾಡಲು ಯತ್ನಿಸುತ್ತದೆ. ಅದರ ಮಾತು ಕೇಳದೆ ಯಂತ್ರದ ಮುಂದೆ ಬೂದು ಕಾರ್ಡ್ ಹಿಡಿದು ಅಳೆಯಿರಿ. ಪರದೆಯಲ್ಲಿ 0 (ಕಪ್ಪು) ರಿಂದ 255ರ (ಬಿಳಿ) ಅಳತೆಗೆ ಹಿನ್ನೆಲೆ 235ರ ಹತ್ತಿರ, ಕಬ್ಬಿಣದ ನೆರಳಿನ ಭಾಗ 40ಕ್ಕಿಂತ ಕೆಳಗಿಳಿಯದಂತೆ ಇರಲಿ. ಹಿನ್ನೆಲೆ 255 ಮುಟ್ಟಿದ್ದರೆ, ಅರಗಳು ನಿಜಕ್ಕಿಂತ ತೆಳ್ಳಗಾಗಿದ್ದರೆ, ಹಿನ್ನೆಲೆಯ ದೀಪ ತಗ್ಗಿಸಿ. ಹಳೆಯ ಗೋಡೌನಿನ ಮರದ ಅಟ್ಟದ ಮೇಲೆ ತೆಗೆಯುವಾಗ ಯಾರೂ ನಡೆದಾಡಕೂಡದು. ಮೊಬೈಲಿನಲ್ಲಿ ಎಚ್‌ಡಿಆರ್ (ಹಲವು ಎಕ್ಸ್‌ಪೋಷರ್ ಬೆರೆಸುವ ವಿಧಾನ) ಆಫ್ ಮಾಡಿ; ಅದು ಕಬ್ಬಿಣದ ಸುತ್ತ ಬಿಳಿ ಪ್ರಭೆ ಬಿಡಿಸುತ್ತದೆ.

## ಹಂತ 8: ಎರಕದ ಅಕ್ಷರಗಳು

ಪಕ್ಕದ ಚೌಕಟ್ಟಿನ ಮೇಲೆ ತಯಾರಕರ ಹೆಸರು, ಊರು, ಕೆಲವೊಮ್ಮೆ ಸಂಖ್ಯೆ ಎರಕದಲ್ಲೇ ಮೂಡಿರುತ್ತದೆ. ಲಂಡನ್ನಿನ ಜಾನ್ ಗಾರ್ಡನ್, ಅಬರ್ಡೀನಿನ ವಿಲಿಯಂ ಮೆಕಿನ್ನನ್ ಮುಂತಾದ ಕಂಪನಿಗಳು ಕಾಫಿ ಯಂತ್ರ ತಯಾರಿಸುತ್ತಿದ್ದವು. ನಿಮ್ಮ ಯಂತ್ರ ಯಾರದೆಂದು ತೀರ್ಮಾನಿಸಲು ಈ ಅಕ್ಷರಗಳೇ ಆಧಾರ. ಪದರಪದರವಾಗಿ ಬಳಿದ ಬಣ್ಣದಡಿಯಲ್ಲಿ ಅವು ಎದುರಿನ ಬೆಳಕಿಗೆ ಕಾಣುವುದಿಲ್ಲ. ಸೀಮೆಸುಣ್ಣ ತಿಕ್ಕುವ ಬದಲು ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಮೇಲ್ಮೈಗೆ ಬಹುತೇಕ ಒರಗಿಸಿದಂತೆ, 10 ರಿಂದ 15 ಡಿಗ್ರಿ ಕೋನದಲ್ಲಿ ಹಿಡಿಯಿರಿ. ಬೆಳಕು ಮೇಲಿನ ಎಡಮೂಲೆಯಿಂದ ಬರಲಿ. ಕೆಳಗಿನಿಂದ ಬಂದರೆ ಉಬ್ಬಿದ ಅಕ್ಷರ ಕೊರೆದಂತೆ ಕಂಡು ಓದುವವರು ದಾರಿ ತಪ್ಪುತ್ತಾರೆ. ನಾಲ್ಕು ದಿಕ್ಕಿನಿಂದಲೂ ಒಂದೊಂದು ತೆಗೆದಿಡಿ: ಒಂದರಲ್ಲಿ 3 ಎಂದು ಕಂಡದ್ದು ಇನ್ನೊಂದರಲ್ಲಿ 8 ಆಗಿರಬಹುದು.

## ಸಣ್ಣ ವಸ್ತುಗಳು

ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯ ಹಿತ್ತಾಳೆ ದೀಪ, ತಕ್ಕಡಿ, ಬೆಳ್ಳಿಯ ಒರೆಯುಳ್ಳ ಪೀಚೆಕತ್ತಿ (ಕೊಡವರ ಸೊಂಟದ ಕಿರುಗತ್ತಿ) ಇವುಗಳಿಗೂ ನಿಯಮ ಅದೇ, ಬಟ್ಟೆ ಮಾತ್ರ ಇನ್ನಷ್ಟು ಹತ್ತಿರ. ವಸ್ತುವಿನ ಸುತ್ತ ಪಂಚೆಯ ಗುಡಾರ ಕಟ್ಟಿ, ಲೆನ್ಸಿಗೆ ಒಂದು ಸೀಳು ಬಿಟ್ಟು, ಹೊರಗಿನಿಂದ ಬೆಳಗಿಸಿ. ಬೆಳ್ಳಿ ಪೂರ್ತಿ ಬಿಳುಚಿಕೊಂಡು ಕೆತ್ತನೆ ಮಾಸಿದರೆ ಗುಡಾರದೊಳಗೆ ಕಪ್ಪು ಕಾಗದದ ಪಟ್ಟಿ ಅಂಟಿಸಿ, ಗೆರೆಗಳು ಮರಳುತ್ತವೆ. ಬರಿಗೈಯಲ್ಲಿ ಮುಟ್ಟಿದ ಬೆಳ್ಳಿಯಲ್ಲಿ ಬೆರಳಚ್ಚು ಕಾಣುತ್ತದೆ, ಹತ್ತಿಯ ಕೈಗವಸು ಹಾಕಿಕೊಳ್ಳಿ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಸಂದರ್ಭದಲ್ಲಿ ಪೂಜೆಗಿಟ್ಟ ಆಯುಧವನ್ನು ಚಿತ್ರಕ್ಕಾಗಿ ಹೊರತೆಗೆಯಲು ಕೇಳುವುದು ಸಲ್ಲದು. ಹಬ್ಬ ಮುಗಿದ ಮೇಲೆ ಹೋಗಿ.

## ಹಂತ 9: ಕಪ್ಪುಬಿಳುಪು ಮತ್ತು ಹಿನ್ನೆಲೆ ಬಿಡಿಸುವುದು

ಮೂಲ ವರ್ಣಚಿತ್ರವನ್ನು ಹಾಗೆಯೇ ಉಳಿಸಿ, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿ. ಫಿಲ್ಮಿನ ಬದಲು ಬಳಸುತ್ತಿದ್ದ ಹಳೆಯ ಗಾಜಿನ ಪ್ಲೇಟುಗಳಲ್ಲಿ ಬಹುಪಾಲು ಕೆಂಪು ಬೆಳಕಿಗೆ ಸ್ಪಂದಿಸುತ್ತಿರಲಿಲ್ಲವಾದ್ದರಿಂದ ತುಕ್ಕು ಮತ್ತು ಕೆಂಪು ಬಣ್ಣ ಗಾಢವಾಗಿ ಬರುತ್ತಿದ್ದವು. ಆ ಛಾಯೆ ಬೇಕಾದರೆ ಪರಿವರ್ತಿಸುವಾಗ ಹಸಿರು ಮತ್ತು ನೀಲಿ ಚಾನೆಲ್‌ಗಳನ್ನು ಬಳಸಿ, ಕೆಂಪನ್ನು ಬಹುತೇಕ ಸೊನ್ನೆಗೆ ತನ್ನಿ. ಕೆಂಪು ಹೆಚ್ಚಿಸಿದರೆ ತುಕ್ಕು ಬೆಳ್ಳಗಾಗಿ ಯಂತ್ರಕ್ಕೆ ಬೂದಿ ಎರಚಿದಂತೆ ಕಾಣುತ್ತದೆ. ಕಂದು ಲೇಪ, ಕೃತಕ ಗೀರು, ಸುಟ್ಟ ಅಂಚು ಇವನ್ನು ಸೇರಿಸಬೇಡಿ. ಇವತ್ತು ತೆಗೆದ ಚಿತ್ರವನ್ನು ಹಳೆಯದೆಂದು ನಂಬಿಸುವುದು ದಾಖಲೆಯ ಕೆಲಸವಲ್ಲ.

ಹಿಂದಿನವರು ನೆಗೆಟಿವಿನ ಮೇಲೆ ಹಿನ್ನೆಲೆಯ ಭಾಗಕ್ಕೆ ಬೆಳಕು ದಾಟದ ಬಣ್ಣವನ್ನು ಸಣ್ಣ ಕುಂಚದಿಂದ ಬಳಿದು ಯಂತ್ರವನ್ನು ಬಿಡಿಸುತ್ತಿದ್ದರು. ಇಂದು ಚಿತ್ರ ತಿದ್ದುವ ತಂತ್ರಾಂಶದ ಪೆನ್ ಟೂಲಿನಿಂದ ಅಂಚಿನ ತುಸು ಒಳಗೆ ಗೆರೆ ಎಳೆದು ಅದನ್ನೇ ಮಾಡಬೇಕು. ಒಂದೇ ಒತ್ತಿಗೆ ಹಿನ್ನೆಲೆ ಅಳಿಸುವ ಆ್ಯಪ್‌ಗಳು ಅರಗಳ ನಡುವಿನ ಜಾಗ ತುಂಬಿಬಿಡುತ್ತವೆ, ಬೋಲ್ಟಿನ ತಲೆ ಕಿತ್ತುಹಾಕುತ್ತವೆ, ಹಿಡಿಕೆಯ ಪಿನ್ನನ್ನು ತಾವೇ ಕಲ್ಪಿಸಿ ಬರೆಯುತ್ತವೆ. ಬಿಡಿಸಿದ ಚಿತ್ರವನ್ನು ಮೂಲದೊಡನೆ ಪಕ್ಕಪಕ್ಕ ಇಟ್ಟು ಅರ ಮತ್ತು ಬೋಲ್ಟುಗಳನ್ನು ಎಣಿಸಿ ನೋಡಿ. ಕಾಲುಗಳ ಬುಡದ ನೆರಳನ್ನು ಉಳಿಸಿಕೊಳ್ಳಿ, ಇಲ್ಲದಿದ್ದರೆ ಯಂತ್ರ ಗಾಳಿಯಲ್ಲಿ ತೇಲುತ್ತದೆ.

## ಹಂತ 10: ದಾಖಲೆ

ತೋಟದಿಂದ ಹೊರಡುವ ಮೊದಲೇ ಎತ್ತರ, ಅಗಲ, ಚಕ್ರದ ವ್ಯಾಸ, ಎರಕದ ಅಕ್ಷರ, ತಾಲ್ಲೂಕು, ದಿನಾಂಕ, ಕಾಣೆಯಾದ ಭಾಗಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಅಳತೆಪಟ್ಟಿ ಇಟ್ಟು ಒಂದು ಚಿತ್ರ, ಇಡದೆ ಒಂದು ಚಿತ್ರ ತೆಗೆಯಿರಿ. ಯಂತ್ರ ನಡೆಸಿದ ಹಿರಿಯ ಕಾರ್ಮಿಕರು ಲೈನ್ ಮನೆಯಲ್ಲಿದ್ದರೆ ಪ್ರತಿಯೊಂದು ಭಾಗಕ್ಕೆ ಅವರು ಕರೆಯುವ ಹೆಸರನ್ನು ಕೇಳಿ ಬರೆದುಕೊಳ್ಳಿ. ಹಂಚಿಕೊಳ್ಳುವ ಫೈಲಿನಿಂದ ಜಿಪಿಎಸ್ ಮಾಹಿತಿ ತೆಗೆದುಹಾಕಿ, ತೋಟದ ಹೆಸರನ್ನೂ ಒಪ್ಪಿಗೆಯಿಲ್ಲದೆ ಹಾಕಬೇಡಿ: ಗುಜರಿಗೆ ತಾಮ್ರ, ಹಿತ್ತಾಳೆ ಒಯ್ಯುವವರಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ. ರಾ ಫೈಲ್ ಮತ್ತು ಟಿಫ್ ಪ್ರತಿ ಎರಡು ಬೇರೆ ಡ್ರೈವಿನಲ್ಲಿ, ಎರಡು ಬೇರೆ ಮನೆಯಲ್ಲಿರಲಿ. ಕ್ಯಾಮೆರಾ ಮತ್ತು ಲೆನ್ಸನ್ನು ಮಳೆಗಾಲವಿಡೀ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಚರ್ಮದ ಚೀಲದಲ್ಲಿ ಅಲ್ಲ. ಕೊಡಗಿನ ಜುಲೈ ತಿಂಗಳಿನಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಾಗುವುದಿಲ್ಲ.